ಅಟ್ಟದ ಬ್ಯಾಟಿಗೆ ಎಷ್ಟು ಮಳೆಗಾಲ?

ಮಗ ಬೆಂಗಳೂರಿಗೋ ಗೋವೆಗೋ ದುಬೈಗೋ ಹೋಗಿ ಹತ್ತು ವರ್ಷವಾಗಿರುತ್ತದೆ. ಅವನ ಕಿಟ್ ಬ್ಯಾಗ್ ಮಾತ್ರ ಊರು ಬಿಟ್ಟಿರುವುದಿಲ್ಲ. ಕಾರವಾರ, ಅಂಕೋಲೆಯ ಎಷ್ಟೋ ಮನೆಗಳ ಅಟ್ಟದಲ್ಲಿ, ಕಪಾಟಿನ ನೆತ್ತಿಯಲ್ಲಿ, ಮಂಚದಡಿಯಲ್ಲಿ ಇಂಥ ಒಂದು ಗಂಟು ಇದ್ದೇ ಇರುತ್ತದೆ. ಹಿಡಿಗೆ ಸುತ್ತಿದ ರಬ್ಬರು ಅಂಟಂಟಾದ ಬ್ಯಾಟು, ಗಾಳಿ ಹೋದ ವಾಲಿಬಾಲು, ತಂತಿ ಸಡಿಲಾದ ಷಟಲ್ ರಾಕೆಟ್ಟು, ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಮಗಳು ತೊಟ್ಟ ನಂಬರಿನ ಬನಿಯನ್ನು, ರಿಬ್ಬನ್ನಿನ ಸಮೇತ ಪದಕಗಳು. ಮಳೆಗಾಲದ ಮುಂಚೆ ಅಟ್ಟ ಗುಡಿಸುವಾಗಲೆಲ್ಲ ಅದು ಕೈಗೆ ಬರುತ್ತದೆ, ‘ಇರಲಿ ಬಿಡು’ ಎನ್ನಿಸಿಕೊಂಡು ಹಿಂದಕ್ಕೆ ಹೋಗುತ್ತದೆ. ಕೊಂಕಣಿಯಲ್ಲಿ ‘ಭಾಂಗಾರ’ ಎಂದರೆ ಚಿನ್ನ, ಮರಾಠಿಯಲ್ಲಿ ‘ಭಂಗಾರ’ ಎಂದರೆ ಗುಜರಿ. ಎರಡೂ ಮಾತು ಕಿವಿಗೆ ಬೀಳುವ ಕಾರವಾರದಂಥ ಊರಿನಲ್ಲಿ ಚಿನ್ನಕ್ಕೂ ಗುಜರಿಗೂ ನಡುವೆ ಇರುವುದು ಒಂದು ದೀರ್ಘ ಅಷ್ಟೆ. ಅಟ್ಟದ ಗಂಟೂ ಹಾಗೆಯೇ. ಯಾವುದು ಯಾವುದು ಎಂದು ಬಿಚ್ಚಿ ನೋಡುವವರೆಗೆ ಎರಡೂ ಒಂದೇ ಚೀಲದಲ್ಲಿರುತ್ತವೆ, ಮತ್ತು ನಮ್ಮ ಹವೆಯಲ್ಲಿ ಒಂದೇ ಚೀಲದಲ್ಲಿ ಎರಡೂ ಹಾಳಾಗುತ್ತವೆ.

‘ಇರಲಿ ಬಿಡು’ ಎಂದಾಗ ವಸ್ತುವನ್ನು ಉಳಿಸಿದೆವು ಎಂದುಕೊಳ್ಳುತ್ತೇವೆ. ಈ ಕರಾವಳಿಯಲ್ಲಿ ಅದು ನಿಜವಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಒಗೆದ ಬಟ್ಟೆಯೇ ಒಣಗುವುದಿಲ್ಲ. ಚರ್ಮಕ್ಕೆ ಬೂಷ್ಟು ಹಿಡಿಯಲು ವಾರ ಸಾಕು. ಕ್ರೀಡಾ ಶೂ ಒಂದನ್ನೇ ತೆಗೆದುಕೊಳ್ಳಿ. ಅಟ್ಟೆಯಲ್ಲಿ ಮೆತ್ತಗಿರಲೆಂದು ಹಾಕುವ ಪದರ ಅನೇಕ ಶೂಗಳಲ್ಲಿ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯಲ್ಲಿನ ತೇವವೇ ಅದರ ಒಳಬಂಧಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುತ್ತದೆ. ಹಾಕದೆ ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟರೂ ಈ ಕೆಲಸ ನಿಲ್ಲುವುದಿಲ್ಲ. ಮೇಲೆ ಹೊಸದರಂತೆಯೇ ಕಾಣುವ ಶೂವನ್ನು ಕೆಲವು ವರ್ಷದ ಮೇಲೆ ತೊಟ್ಟು ನಾಲ್ಕು ಹೆಜ್ಜೆ ಹಾಕಿದರೆ ಅಟ್ಟೆ ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತದೆ. ಬ್ಯಾಟಿನ ಕತೆ ಬೇರೆ. ವಿಲೋ ಮರ ಏಪ್ರಿಲ್‌ನಲ್ಲಿ ಹಂಚಿನಡಿಯ ಕಾವಿಗೆ ಒಣಗಿ ಕುಗ್ಗುತ್ತದೆ, ಜೂನ್‌ನಲ್ಲಿ ತೇವ ಕುಡಿದು ಉಬ್ಬುತ್ತದೆ. ಹೀಗೆ ಕೆಲವು ವರ್ಷ ಕಳೆಯುವಷ್ಟರಲ್ಲಿ ತುದಿಯಲ್ಲಿ ಸೀಳು. ಪ್ಯಾಡಿನೊಳಗಿನ ಹತ್ತಿ ತೇವ ಹೀರಿಕೊಂಡು ಕಮಟು ವಾಸನೆ ಹಿಡಿಯುತ್ತದೆ, ಕ್ಯಾರಂ ಬೋರ್ಡಿನ ಹಲಗೆ ಬಾಗುತ್ತದೆ, ಗೆದ್ದ ಕಪ್ಪಿನ ಅಡಿಯ ಮರದ ಪೀಠಕ್ಕೆ ಒರಲೆ ಬರುತ್ತದೆ, ಕಡಲ ಉಪ್ಪುಗಾಳಿ ಓಟದ ಶೂವಿನ ಮುಳ್ಳುಗಳನ್ನು ತಿನ್ನುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರಕ್ಕೆಂದೇ ಕಟ್ಟಿದ ಉಕ್ಕಿನ ಹಡಗಿಗೂ ದಂಡೆಯ ಮೇಲೆ ಕಾಲಕಾಲಕ್ಕೆ ಬಣ್ಣದ ಉಪಚಾರ ಬೇಕು. ಉಪಚಾರವಿಲ್ಲದ ಇಡುವಿಕೆ ಎಂದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಎಸೆಯುವುದು. ಬಿಸಾಡಲು ಮನಸ್ಸು ಬಾರದೆ ಇಟ್ಟ ತಾಯಿ ಆ ಕೆಲಸವನ್ನು ಮಳೆಗೆ ಒಪ್ಪಿಸಿರುತ್ತಾಳೆ.

ಹಾಗಿದ್ದರೂ ಮನಸ್ಸು ಬಾರದಿರುವುದಕ್ಕೆ ಕಾರಣವಿದೆ, ಅದು ದಡ್ಡತನವಲ್ಲ. 1990ರಲ್ಲಿ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಸಾಮಾನ್ಯ ಕಾಫಿ ಮಗ್ಗನ್ನು ಕೆಲವರ ಕೈಗೆ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದರೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಎರಡು ಪಟ್ಟಿಗೂ ಮೀರಿ ಕೇಳಿದರು. ಕೆಲವು ನಿಮಿಷದ ಒಡೆತನಕ್ಕೇ ಇಷ್ಟು ಬೆಲೆಯಾದರೆ, ಹದಿನೈದು ವರ್ಷದ ಬೆವರು ಹತ್ತಿದ ಗ್ಲೌಸಿನ ಮಾತೇನು? ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ವರ್ಷಾಂತ್ಯಕ್ಕೆ ಹಾಸ್ಟೆಲ್ ಖಾಲಿ ಮಾಡುವ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ‘ಬೇಡದ ಸಾಮಾನು ದಾನ ಮಾಡಿ’ ಎಂದಷ್ಟೇ ಹೇಳಿದರು. ಇನ್ನು ಕೆಲವರಿಗೆ ‘ನೆನಪಿನ ವಸ್ತುವಿನ ಫೋಟೊ ತೆಗೆದಿಟ್ಟುಕೊಂಡು ದಾನ ಮಾಡಿ’ ಎಂದರು. ಮೊದಲ ಗುಂಪಿನ ಹಾಸ್ಟೆಲುಗಳಿಂದ 533 ವಸ್ತು ಬಂದವು, ಎರಡನೆಯದರಿಂದ 613. ಅಂತರ ಭಾರೀ ದೊಡ್ಡದೇನಲ್ಲ. ಆದರೆ ಕೈ ತಡೆಯುವುದು ವಸ್ತುವಿನ ಆಸೆಗಿಂತ ನೆನಪು ಕಳೆದುಹೋದೀತೆಂಬ ಅಂಜಿಕೆ ಎಂಬುದಕ್ಕೆ ಅದು ಸಾಕ್ಷಿ. ನೆನಪಿಗೆ ಬೇರೆ ಜಾಗ ಮಾಡಿಕೊಟ್ಟರೆ ಕೈ ಸಡಿಲವಾಗುತ್ತದೆ. ಅಟ್ಟದ ಗಂಟನ್ನು ಬಿಚ್ಚುವಾಗ ಇದೇ ದಾರಿ: ಆಡಲು ಬರುವುದನ್ನು ಆಡುವವರ ಕೈಗೆ ಕಳಿಸಬೇಕು, ಸಾಕ್ಷಿಯಾಗಿ ಬೇಕಾದ ಕಾಗದವನ್ನು ಭದ್ರ ಮಾಡಬೇಕು, ನೆನಪಿಗೆಂದು ಒಂದೋ ಎರಡೋ ವಸ್ತು ಆರಿಸಿ ಕಣ್ಣೆದುರಿಗೆ ಇಡಬೇಕು.

ಆರಿಸುವವರು ಯಾರು ಎಂಬಲ್ಲಿ ಮನೆಮನೆಯಲ್ಲಿ ತಪ್ಪಾಗುತ್ತದೆ. ವಸ್ತು ಮಗುವಿನದು, ಮಗು ಈಗ ಮೂವತ್ತರ ಆಸುಪಾಸಿನವನಾಗಿದ್ದರೂ ಅವನದೇ. ಕೇಳದೆ ಕೊಟ್ಟುಬಿಟ್ಟ ಒಂದು ಬ್ಯಾಟಿನ ನೋವು ಎಷ್ಟೋ ವರ್ಷ ಉಳಿಯುತ್ತದೆ. ಈಗ ಕೇಳುವುದೇನು ಕಷ್ಟ? ಅಟ್ಟದಿಂದ ಇಳಿಸಿ ಅಂಗಳದ ಬಿಸಿಲಲ್ಲಿ ಹರವಿ, ಒಂದು ವಿಡಿಯೊ ಕರೆ ಮಾಡಿದರಾಯಿತು. ಇನ್ನೂ ಒಳ್ಳೆಯದೆಂದರೆ ಅವರೇ ಬಂದಾಗ ಮಾಡುವುದು. ಬೇಸಿಗೆಯಲ್ಲಿ ಅಂಕೋಲೆಯ ಬಂಡಿಹಬ್ಬಕ್ಕೆ ಊರು ಸೇರುವ ಮಕ್ಕಳಿದ್ದಾರೆ. ಚೌತಿಗೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬರುವವರಿದ್ದಾರೆ. ಚೌತಿಗಿಂತ ಬೇಸಿಗೆಯೇ ವಾಸಿ, ಇನ್ನೊಂದು ಮಳೆಗಾಲ ತಪ್ಪುತ್ತದೆ. ‘ಎಲ್ಲ ಬಿಸಾಡಿ ಅಮ್ಮ’ ಎಂದು ಮಗ ಹೇಳಿಬಿಟ್ಟರೆ? ಆಗಲೂ ತಾಯಿಯ ಹಕ್ಕು ಮುಗಿಯುವುದಿಲ್ಲ. ಬೆಳಗಿನ ಐದಕ್ಕೆ ಎದ್ದು ಡಬ್ಬಿ ಕಟ್ಟಿದವಳು, ಮಂಡಿಯ ಗಾಯಕ್ಕೆ ಅರಿಶಿನ ಮೆತ್ತಿದವಳು ಅವಳು. ಅವಳು ಒಂದನ್ನು ಇಟ್ಟುಕೊಳ್ಳಲಿ, ತನ್ನದೆಂದೇ ಇಟ್ಟುಕೊಳ್ಳಲಿ. ‘ನಿನಗಾಗಿ ಇಟ್ಟಿದ್ದೇನೆ’ ಎಂಬ ಭಾರವನ್ನು ಮಗನ ಮೇಲೆ ಹೊರಿಸದಿದ್ದರೆ ಸಾಕು.

ಇಲ್ಲಿ ಹೆಣ್ಣುಮಕ್ಕಳ ಮಾತು ಬೇರೆಯಾಗಿ ಎತ್ತಲೇಬೇಕು. ಖೋ ಖೋ, ಕಬಡ್ಡಿ, ಥ್ರೋಬಾಲ್ ಎಂದು ವಲಯದಿಂದ ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗದವರೆಗೆ ಆಡಿಬಂದ ಹುಡುಗಿಯರು ನಮ್ಮ ಶಾಲೆಗಳಲ್ಲಿ ಕಡಿಮೆಯಿಲ್ಲ. ಆದರೆ ಅನೇಕ ಮನೆಗಳಲ್ಲಿ ಮಗನ ಬ್ಯಾಟು ಮದುವೆಯಾದ ಮೇಲೂ ಅಟ್ಟದಲ್ಲಿರುತ್ತದೆ. ಮಗಳ ಬನಿಯನ್ನು, ಶೂ ಮದುವೆಯ ಸುಣ್ಣಬಣ್ಣದ ಹೊತ್ತಿಗೇ ಮನೆ ಬಿಟ್ಟಿರುತ್ತವೆ. ಸೀರೆ, ಪಾತ್ರೆ, ಚಿನ್ನದ ಪಟ್ಟಿ ಮಾಡಿ ಕಳಿಸುವವರು ಅವಳ ಪ್ರಮಾಣಪತ್ರಗಳ ಫೈಲನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಅವಳು ಓಡಿದ್ದಳು, ಗೆದ್ದಿದ್ದಳು ಎಂಬುದು ಗಂಡನ ಮನೆಯವರಿಗೆ ಗೊತ್ತೇ ಆಗದೆ ಉಳಿಯುತ್ತದೆ, ಅವಳ ಮಕ್ಕಳಿಗೂ. ಎರಡು ಪದಕ, ಒಂದು ತಂಡದ ಫೋಟೊ ಅವಳ ಪೆಟ್ಟಿಗೆಯಲ್ಲಿ ಹೋಗಲಿ. ಇದಕ್ಕಿಂತ ಕಡಿಮೆ ಜಾಗ ಕೇಳುವ ಬಳುವಳಿ ಇನ್ನೊಂದಿಲ್ಲ.

ಆಡುವ ಸಾಮಾನಿನ ವಿಷಯಕ್ಕೆ ಬಂದರೆ, ಕೊಡಲು ದೂರ ಹೋಗಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಇದಕ್ಕೆಂದು ವರ್ಷಕ್ಕೆ ಸಿಗುವ ಅನುದಾನದ ಮಿತಿ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ. ಒಂದು ಒಳ್ಳೆಯ ಕ್ರಿಕೆಟ್ ಕಿಟ್ಟಿನ ಬೆಲೆ ಬಲ್ಲವರಿಗೆ ಈ ಹಣ ಎಲ್ಲಿಯವರೆಗೆ ಬರುತ್ತದೆಂದು ಗೊತ್ತು. ಪ್ರತಿಭೆಗೆ ಈ ಜಿಲ್ಲೆಯಲ್ಲಿ ಎಂದೂ ಕೊರತೆಯಿರಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿನ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡತೊಡಗಿತು. ಅವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ನಿಂತದ್ದು ಅವರ ಕಾಲಿನ ಬಲ ಕುಂದಿದ್ದರಿಂದಲ್ಲ. ಇಂದೂ ಬೇಕಿರುವುದು ಒಂದಿಷ್ಟು ಆಸರೆ: ಕಾರವಾರದ ಮಾಲಾದೇವಿ ಮೈದಾನದಲ್ಲೋ, ಅಂಕೋಲೆಯ ಜೈಹಿಂದ್ ಮೈದಾನದಲ್ಲೋ, ಕಡಲ ದಂಡೆಯ ಗಟ್ಟಿ ಮರಳಿನಲ್ಲೋ ಸಂಜೆ ಆಡುವ ಹುಡುಗರಿಗೆ ಕಾಶ್ಮೀರಿ ವಿಲೋದ ಹಳೆಯ ಬ್ಯಾಟು ಟೆನಿಸ್ ಬಾಲಿಗೆ ಧಾರಾಳ ಸಾಕು.

‘ಬಡವರ ಮಕ್ಕಳಿಗೆ ನಮ್ಮ ಹಳೆಯದೇಕೆ, ಕೊಟ್ಟರೆ ಹೊಸದೇ ಕೊಡೋಣ’ ಎಂಬ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ಹರಿದದ್ದನ್ನು ಕೊಟ್ಟು ದಾನವೆನ್ನುವುದು ಅವಮಾನವೇ ಸರಿ. ಆದರೆ ಹಳೆಯದೆಲ್ಲ ಕೀಳು ಎಂಬುದು ನಮ್ಮ ಮನೆಗಳ ರೂಢಿಯೇ ಅಲ್ಲ. ಒಂದೇ ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ನಾದಿನಿಯ ಮನೆಗೆ ಹೋಗುತ್ತ ಎಷ್ಟು ಕೂಸುಗಳನ್ನು ತೂಗಿತೋ ಅಷ್ಟು ಶುಭವೆನ್ನುತ್ತೇವೆ. ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಮನೆಮಂದಿಯ ಹಳೆಯ ಬಟ್ಟೆಯೇ ಬಣ್ಣವಾಗುತ್ತದೆ. ಅಂತರವಿರುವುದು ಕೊಡುವ ರೀತಿಯಲ್ಲಿ. ಬ್ಯಾಟಿಗೆ ಹೊಸ ಗ್ರಿಪ್ ಹಾಕಿಸಿ, ಮುಖಕ್ಕೆ ತೆಳುವಾಗಿ ಅಗಸೆ ಎಣ್ಣೆ ಸವರಿ, ಚೆಂಡಿಗೆ ಗಾಳಿ ತುಂಬಿ ಒಂದು ರಾತ್ರಿ ನಿಲ್ಲುತ್ತದೆಯೇ ನೋಡಿ, ಪ್ಯಾಡನ್ನು ಬಿಸಿಲಿಗೆ ಹಾಕಿ, ಆಮೇಲೆ ಶಾಲೆಯ ದೈಹಿಕ ಶಿಕ್ಷಕರನ್ನು ‘ಏನು ಬೇಕು ಸರ್’ ಎಂದು ಕೇಳಿ ಕೊಟ್ಟರೆ ಅದು ತೊಟ್ಟಿಲು ಕೊಟ್ಟ ಹಾಗೆ. ಕೊಡಲೇಬಾರದ್ದೂ ಇದೆ: ಜೋರಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಬಿರುಕು ಕಾಣದಿದ್ದರೂ ಬೇಡ, ಒಳಗಿನ ಫೋಮು ಒಮ್ಮೆ ಕುಸಿದರೆ ತಲೆ ಕಾಯುವುದಿಲ್ಲ. ಮೇಲೆ ಹೇಳಿದ ಶೂಗಳೂ ಬೇಡ. ಅವು ಗುಜರಿಗೆ ಹೋಗಲಿ.

‘ಮೊಮ್ಮಗ ಆಡುತ್ತಾನೆ’ ಎನ್ನುವವರಿಗೆ ಉತ್ತರ ಚಿಕ್ಕದು. ಇವತ್ತಿನ ಶೂ, ಗ್ಲೌಸು, ಹೆಲ್ಮೆಟ್ಟು ಅಲ್ಲಿಯವರೆಗೆ ಬಾಳುವುದಿಲ್ಲ. ಚದುರಂಗದ ಮಣೆ, ಕಾಯಿ ಬಾಳುತ್ತವೆ, ಅವನ್ನು ಖಂಡಿತ ಇಡಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಈ ನೆಲದ ಚರಿತ್ರೆಯಿಂದಲೇ ಬರುತ್ತದೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ಅದೇ ಯೋಜನೆಯ ಕದಂಬ ನೆಲೆ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲೆ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ನದಿಗಳೆರಡೂ ಉಕ್ಕಿ ದಂಡೆಯ ಮನೆಗಳ ಒಳಗೆ ಹರಿದವು. ಹೀಗೆ ಕಳೆದುಕೊಂಡವರಿಗೆ ‘ಹಳೆಯದನ್ನು ಬಿಡಿ’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಊರೇ ನೌಕಾನೆಲೆಯ ಗೋಡೆಯಾಚೆ ಹೋದ ಮೇಲೆ, ಆ ಊರಿನ ಯುವಕ ಮಂಡಳದ ಹೆಸರು ಕೆತ್ತಿದ ಒಂದು ಟ್ರೋಫಿ ಆಟದ ನೆನಪಷ್ಟೇ ಅಲ್ಲ, ಅಲ್ಲೊಂದು ಮೈದಾನವಿತ್ತು ಎಂಬ ದಾಖಲೆ. ಅದನ್ನು ಯಾವ ಕಾರಣಕ್ಕೂ ಕೊಡಬಾರದು. ಆದರೆ ಹಾಗೆಂದೇ ಅದು ಅಟ್ಟದಲ್ಲಿ ಒರಲೆಗೆ ಸಿಕ್ಕಬಾರದು ಎಂಬುದೂ ಅಷ್ಟೇ ಸತ್ಯ. ನೆರೆ ಕಂಡ ಮನೆಗಳಿಗೆ ಇನ್ನೊಂದು ಮಾತು ತಾನೇ ಅರ್ಥವಾಗುತ್ತದೆ: ನೀರು ಏರುವ ರಾತ್ರಿ ಕೈಗೆ ಸಿಗುವುದು ಒಂದು ಚಿಕ್ಕ ಡಬ್ಬ, ಮೂರು ಗೋಣಿಯ ಗಂಟಲ್ಲ.

ಆ ಡಬ್ಬದಲ್ಲಿ ಮೊದಲು ಕಾಗದ. ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟು ಕೇಳುವಾಗ, ಮುಂದೆ ಕ್ರೀಡಾ ಮೀಸಲಿನ ಕೆಲಸಕ್ಕೆ ಅರ್ಜಿ ಹಾಕುವಾಗ ಮೂಲ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಭದ್ರವಾಗಿರಲೆಂದು ಬಹಳ ಮಂದಿ ಅದನ್ನು ಲ್ಯಾಮಿನೇಶನ್ ಮಾಡಿಸುತ್ತಾರೆ, ಅದೇ ತಪ್ಪು: ಬಿಸಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಅಂಚಿನಿಂದ ನುಗ್ಗಿದ ತೇವ ಒಳಗೇ ಕೂತು ಕಲೆ ಮಾಡುತ್ತದೆ. ಸ್ಕ್ಯಾನ್ ಮಾಡಿಸಿಟ್ಟು, ಮೂಲವನ್ನು ಬಿಡಿ ಹಾಳೆಯ ಕವರಿನಲ್ಲಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡುವುದು ಮೇಲು. ಪೊಟ್ಟಣವನ್ನು ಪ್ರತಿ ವರ್ಷ ಮಳೆಗೆ ಮುಂಚೆ ಬದಲಿಸಬೇಕು. ಪ್ಲಾಸ್ಟಿಕ್ಕಿಗೆ ಚಿನ್ನದ ಮಿರುಗು ಹಾಕಿದ ದೊಡ್ಡ ಕಪ್ಪುಗಳಲ್ಲಿ ನಿಮ್ಮದು ಹೆಸರಿನ ತಗಡು ಮಾತ್ರ. ಅದನ್ನು ಬಿಡಿಸಿ ಡಬ್ಬಕ್ಕೆ ಹಾಕಿಕೊಂಡು, ಕಪ್ಪನ್ನು ಕೇರಿಯ ಟೂರ್ನಿ ನಡೆಸುವ ಹುಡುಗರಿಗೆ ಕೊಟ್ಟರೆ ಹೊಸ ತಗಡು ಬಡಿದು ಇನ್ನೊಬ್ಬನ ಕೈಗೆ ಕೊಡುತ್ತಾರೆ. ತಂಡದ ಫೋಟೊವನ್ನು ಗಾಜಿಗೆ ತಾಗುವಂತೆ ಚೌಕಟ್ಟು ಹಾಕಿಸಬೇಡಿ, ಮಳೆಗಾಲದಲ್ಲಿ ಅದು ಗಾಜಿಗೇ ಅಂಟಿಕೊಳ್ಳುತ್ತದೆ. ಡಬ್ಬಕ್ಕೆ ಹಾಕುವ ಮುಂಚೆ ಅದನ್ನು ಮಗುಚಿ, ಮೆತ್ತನೆಯ ಪೆನ್ಸಿಲಿನಲ್ಲಿ ಹಿಂದೆ ಬರೆಯಿರಿ: ಯಾವ ವರ್ಷ, ಯಾವ ಮೈದಾನ, ಎಡದಿಂದ ಯಾರು ಯಾರು, ಕಲಿಸಿದ ಮಾಸ್ತರರ ಹೆಸರೇನು. ಮಗಳೋ ಮಗನೋ ಪಕ್ಕದಲ್ಲಿ ಕೂತಿರುವಾಗಲೇ ಬರೆಯಿರಿ, ಎರಡನೇ ಸಾಲಿನ ಮೂರನೆಯ ಹುಡುಗಿ ಯಾರೆಂದು ಅವರಿಗಷ್ಟೇ ಗೊತ್ತಿರುತ್ತದೆ.