ಬಿದ್ದ ಮನೆಗೆ ಪರಿಹಾರ, ಬಿಟ್ಟ ಮನೆಗೆ?

ಮಳೆ ಕೈಕೊಟ್ಟ ವರ್ಷ ಪಾವಗಡದ ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ ನೋಡಿ. ಒಂದು ಕೇರಿಯಲ್ಲಿ ನಾಲ್ಕು ಮನೆಗಳಿದ್ದರೆ ಎರಡಕ್ಕೆ ಬೀಗ. ಮೂರನೆಯದರ ಜಗಲಿಯ ಮೇಲೆ ಕಣ್ಣು ಮಂಜಾದ ಅಜ್ಜಿ, ಪಕ್ಕದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮೊಮ್ಮಗು. "ಮಕ್ಕಳೆಲ್ಲಿ ಅಜ್ಜಿ?" ಎಂದರೆ, "ಬೆಂಗ್ಳೂರಿಗೋಗವ್ರೆ ಕಣಪ್ಪ, ಮಳೆ ಬಂದ್ರೆ ಬತ್ತಾರೆ" ಎಂಬ ಉತ್ತರ. ಮಳೆ ಬಾರದಿದ್ದರೆ? ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಯಾರೂ ಉತ್ತರಿಸುವುದೂ ಇಲ್ಲ.

ಇದಕ್ಕೆ ನಮ್ಮ ಜನ ಇಟ್ಟ ಹೆಸರು ಗುಳೆ. ಸರ್ಕಾರದ ಪರಿಹಾರದ ಕಡತಗಳಲ್ಲಿ ಮಾತ್ರ ಈ ಪದಕ್ಕೆ ಜಾಗವಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ - ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕದಲ್ಲೂ ಇವು ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಬಂಡೆಯ ಬೆಟ್ಟಗಳು, ಕೆಂಪು ನೆಲ, ಆಕಾಶ ನೋಡಿ ಬಿತ್ತುವ ಕಡಲೆಕಾಯಿ ಮತ್ತು ರಾಗಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ, ವರ್ಷದ ಬಹುಭಾಗ ಮರಳಿನ ದಾರಿ. ಜಿಲ್ಲೆಯ ಉಳಿದ ಭಾಗದಿಂದ ದೂರ ನಿಂತು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಂತೂ ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡ್. ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆ ಅಲ್ಲಿ ಉದ್ಘಾಟನೆಯಾದದ್ದು 2025ರಲ್ಲಿ.

ಈ ಸೀಮೆಗೆ ಬರ ಹೊಸದಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಳೇ ಮೈಸೂರು ಮರೆತಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಈಗ ಬರಕ್ಕೆ ಜನ ಸಾಯುವುದಿಲ್ಲ ನಿಜ. ಆದರೆ ಊರು ಬಿಡುತ್ತಾರೆ.

ಬರ ಘೋಷಣೆಯಾದ ಮೇಲೆ

2023ರ ಮುಂಗಾರು ನೆನಪಿರಬಹುದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಪಟ್ಟಿ ಬೆಳೆದು, 236ರಲ್ಲಿ 223 ತಾಲ್ಲೂಕುಗಳು ಅದರೊಳಗೆ ಬಂದವು. ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬಾರದೆ ರಾಜ್ಯವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಅದಕ್ಕೂ ಮುನ್ನ, ಜನವರಿಯಲ್ಲಿ, ರಾಜ್ಯವೇ ಮೊದಲ ಕಂತೆಂದು ರೈತರ ಖಾತೆಗೆ ಎರಡು ಸಾವಿರ ರೂಪಾಯಿವರೆಗೆ ಹಾಕಿತ್ತು.

ತಿಂಗಳುಗಳನ್ನು ಎಣಿಸಿ. ಬೆಳೆ ಒಣಗಿದ್ದು ಆಗಸ್ಟ್‌ನಲ್ಲಿ. ದೊಡ್ಡ ಕಂತು ಹೊರಟದ್ದು ಮುಂದಿನ ಬೇಸಿಗೆಯಲ್ಲಿ. ನಡುವಿನ ಎಂಟು ತಿಂಗಳು ಒಲೆ ಉರಿಯಬೇಕಲ್ಲ! ಗುಳೆ ಹೊರಡುವುದು ಆ ಎಂಟು ತಿಂಗಳಿನಲ್ಲಿ.

ಬಂದ ಹಣವಾದರೂ ಎಷ್ಟು? ವಿಪತ್ತು ಪರಿಹಾರ ನಿಧಿಯ 2022ರ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದೂ ಎರಡು ಹೆಕ್ಟೇರಿನವರೆಗೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ದರೆ. ಎರಡು ಎಕರೆ ಕಡಲೆಕಾಯಿ ಬಿತ್ತಿದವನಿಗೆ ಏಳು ಸಾವಿರಕ್ಕೂ ಕಡಿಮೆ. ಬಿತ್ತನೆ ಬೀಜ, ಗೊಬ್ಬರ, ಉಳುಮೆಯ ಬಾಡಿಗೆ ಕೊಟ್ಟವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಪಹಣಿ ಇಲ್ಲದವರ ಪಾಡು

ಇನ್ನೊಂದು ತೊಡಕಿದೆ. ಈ ಪರಿಹಾರ ಹೋಗುವುದು ಪಹಣಿಯ ಹಿಂದೆ. ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರು, ಸರ್ವೆ ನಂಬರು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೂರೂ ಕೂಡಿದರೆ ಹಣ ತಾನಾಗಿ ಬೀಳುತ್ತದೆ. ಮಧ್ಯವರ್ತಿಗಳ ಕಾಟ ತಪ್ಪಿತೆಂಬುದು ಒಪ್ಪತಕ್ಕ ಮಾತೇ. ಆದರೆ ವಾರಕ್ಕೆ ಅಥವಾ ಗುತ್ತಿಗೆಗೆ ಹೊಲ ಮಾಡಿದವನಿಗೆ? ರಾಜ್ಯದ ಭೂಸುಧಾರಣೆ 1974ರಲ್ಲೇ ಗೇಣಿಯನ್ನು ರದ್ದು ಮಾಡಿತು. ಕಾನೂನಿನಲ್ಲಿ ಇಲ್ಲದ ಗೇಣಿದಾರನಿಗೆ ಕಾಗದವೂ ಇಲ್ಲ, ಪರಿಹಾರವೂ ಇಲ್ಲ. ಬೀಜ ಅವನದು, ಬೆವರು ಅವನದು. ಹಣ ಹೊಲದೊಡೆಯನ ಖಾತೆಗೆ. ತಾತನ ಹೆಸರಿನಲ್ಲೇ ಉಳಿದ ಪಹಣಿಯ ಮೊಮ್ಮಕ್ಕಳೂ, ಭೂಮಿಯೇ ಇಲ್ಲದ ಕೂಲಿಯವರೂ ಇದೇ ಸಾಲಿನಲ್ಲಿ ಹಿಂದೆ ನಿಲ್ಲುತ್ತಾರೆ. ಮೊದಲು ಗುಳೆ ಹೊರಡುವವರೂ ಇವರೇ.

ಪಾವಗಡದ ಸೋಲಾರ್ ಪಾರ್ಕ್ ಇದೇ ಕಥೆಯ ಇನ್ನೊಂದು ಮುಖ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿಗಾಗಿ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13 ಸಾವಿರ ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭ. ಮಳೆ ಬರಲಿ ಬಿಡಲಿ, ಆದಾಯ ಖಚಿತ. ಹೊಲ ಇದ್ದವರಿಗೆ ಇದು ವರವಾಯಿತು. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಕೆಲಸವೇ ಹೋಯಿತು.

ನೀರಿಗೊಂದು ನ್ಯಾಯ

ನೆರೆಯ ವಿಷಯದಲ್ಲಿ ಸರ್ಕಾರಕ್ಕೆ ದಾರಿ ಗೊತ್ತಿದೆ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ 'ಆಸರೆ' ಯೋಜನೆಯಲ್ಲಿ ದಾನಿಗಳನ್ನು ಕೂಡಿಸಿಕೊಂಡು ಎತ್ತರದ ಜಾಗಗಳಲ್ಲಿ ಊರುಗಳನ್ನು ಕಟ್ಟಿಸಿತು. ಆ ಊರುಗಳ ಬಗ್ಗೆ ದೂರುಗಳಿರಬಹುದು, ಆದರೆ 'ಸ್ಥಳಾಂತರ' ಎಂಬ ಮಾತಾದರೂ ಇತ್ತು. 2019ರ ಪ್ರವಾಹದಲ್ಲಿ ತಕ್ಷಣದ ಖರ್ಚಿಗೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸಾರಿತು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ, ನದಿ ಮತ್ತು ಕಡಲ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆಂದೇ 1,000 ಕೋಟಿ ತೆಗೆದಿರಿಸಿತು.

ನೆರೆ ಗೋಡೆಯನ್ನು ಕೆಡವುತ್ತದೆ. ಇಂಜಿನಿಯರು ಬಂದು ಅಳೆಯಬಹುದು, ಫೋಟೊ ತೆಗೆಯಬಹುದು. ಬರ ಗೋಡೆಯನ್ನು ಹಾಗೆಯೇ ನಿಲ್ಲಿಸಿ, ಒಳಗಿನ ಜನರನ್ನು ಮಾತ್ರ ಹೊರಗೆ ಕಳುಹಿಸುತ್ತದೆ. ಅಳೆಯುವುದು ಏನನ್ನು?

ಜನರನ್ನು ಊರಲ್ಲೇ ಉಳಿಸಲು ಉದ್ಯೋಗ ಖಾತ್ರಿ ಇತ್ತು. 2023-24ರಲ್ಲಿ ರಾಜ್ಯದ ದಿನಗೂಲಿ 316 ರೂಪಾಯಿ, ವರ್ಷಕ್ಕೆ ನೂರು ದಿನ. ಬರದ ತಾಲ್ಲೂಕುಗಳಲ್ಲಿ ಇನ್ನೂ ಐವತ್ತು ದಿನ ಕೊಡಲು ಅವಕಾಶವಿತ್ತು. ಅದರ ಅನುಮತಿಯೇ ಆ ವರ್ಷ ಕೇಂದ್ರ-ರಾಜ್ಯಗಳ ಜಟಾಪಟಿಗೆ ವಸ್ತುವಾಯಿತು. ರಾಜ್ಯ ಕೇಳಿದ ಮೊತ್ತದಲ್ಲಿ 12,577 ಕೋಟಿ, ಜೀವನೋಪಾಯಕ್ಕೆ ಪೆಟ್ಟು ಬಿದ್ದ ಕುಟುಂಬಗಳ ನೆರವಿಗೆಂದೇ ಇತ್ತು. ಗುಳೆ ತಡೆಯಬಹುದಾಗಿದ್ದ ಹಣ ಅದು.

ಆಗಬೇಕಾದ್ದು

ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ಪುಸ್ತಕವಿರಲಿ: ಯಾವ ಮನೆ, ಎಷ್ಟು ಮಂದಿ, ಯಾವ ಊರಿಗೆ, ಉಳಿದವರು ಯಾರು. ಪುಸ್ತಕದಲ್ಲಿ ಹೆಸರಿದ್ದರೆ ಉಳಿದ ಅಜ್ಜಿಯ ಪಿಂಚಣಿ, ಮೊಮ್ಮಗುವಿನ ಊಟವನ್ನು ವಿಚಾರಿಸಲು ಒಬ್ಬರಿರುತ್ತಾರೆ. ಕಲ್ಯಾಣ ಕರ್ನಾಟಕದ ಗುಳೆ ಊರುಗಳಲ್ಲಿ ನಡೆಸಿರುವಂಥ ಋತುಮಾನದ ವಸತಿ ಶಾಲೆ ಬರದ ವರ್ಷ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲೂ ತೆರೆದರೆ, ಮಕ್ಕಳು ಇಟ್ಟಿಗೆ ಗೂಡಿನ ಪಾಲಾಗುವುದು ತಪ್ಪುತ್ತದೆ.

ಹೊರಡುವವರೂ ಕೆಲವನ್ನು ತಿಳಿದಿರಬೇಕು. ಒಂದು ದೇಶ ಒಂದು ಪಡಿತರ ವ್ಯವಸ್ಥೆಗೆ ಕರ್ನಾಟಕ 2020ರಲ್ಲೇ ಸೇರಿರುವುದರಿಂದ ಪಡಿತರ ಚೀಟಿಯನ್ನು ಊರಲ್ಲಿ ಬಿಟ್ಟುಹೋಗುವ ಅಗತ್ಯವಿಲ್ಲ. ಕಟ್ಟಡದ ಕೆಲಸದಲ್ಲಿ ವರ್ಷದಲ್ಲಿ ತೊಂಬತ್ತು ದಿನ ದುಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹೊರಡುವ ಮುನ್ನ ಪಹಣಿಯ ಪೌತಿ ಖಾತೆ ಮಾಡಿಸಿ, ಫ್ರೂಟ್ಸ್ ಸಂಖ್ಯೆ ಪಡೆದರೆ ಮುಂದಿನ ಬರಕ್ಕಾದರೂ ಹಣ ಬಂದೀತು.

ಮುಂದಿನ ಬರ ಎಂದೊಡನೆ ನಮ್ಮ ಬಾಯಲ್ಲಿ ನೀರಾರುತ್ತದೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಬಂದೇ ಬರುತ್ತದೆ. ಆಗ ಗೋಡೆಗಳನ್ನು ಲೆಕ್ಕ ಹಾಕುವ ಅಧಿಕಾರಿ, ಬಾಗಿಲಿನ ಬೀಗಗಳನ್ನೂ ಒಮ್ಮೆ ಎಣಿಸಿ ಬರಲಿ. ಜಗಲಿಯ ಮೇಲಿನ ಅಜ್ಜಿ ಉಳಿದದ್ದನ್ನು ಹೇಳುತ್ತಾಳೆ.