ಸಿಂಥಸೈಜರ್ ಕೆಟ್ಟಿದೆಯೋ, ಅದರ ದಾರಿ ಕೆಟ್ಟಿದೆಯೋ?

ಇವತ್ತು ಜೀವಕೋಶ, ಪ್ರೋಟೀನು ಎಲ್ಲವನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಒಂದು ವಾದ್ಯದ ವಿಷಯ ಮಾತಾಡೋಣ. ಹಾಗಂತ ಲ್ಯಾಬನ್ನು ಪೂರ್ತಿ ಬಿಟ್ಟು ಹೋಗಲ್ಲ, ಅಲ್ಲಿ ಕಲಿತದ್ದೇ ಇಲ್ಲಿ ಕೆಲಸಕ್ಕೆ ಬರುತ್ತೆ.

ನಾವಿರುವುದು ಜಪಾನಿನ ಕಾವಾಸಾಕಿಯಲ್ಲಿ. ತಾಮಾ ನದಿ ದಾಟಿದರೆ ಟೋಕಿಯೊ. ಇಲ್ಲಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಕೆಲವು ವಸ್ತುಗಳ ಮೇಲೆ ‘ಜಾಂಕು’ ಅನ್ನೋ ಚೀಟಿ ಅಂಟಿಸಿರುತ್ತಾರೆ. ಅಂದರೆ ಇದು ಕೆಲಸ ಮಾಡುತ್ತೆ ಅಂತ ಅಂಗಡಿಯವರು ಹೇಳಲ್ಲ, ಒಮ್ಮೆ ತಗೊಂಡರೆ ವಾಪಸೂ ಇಲ್ಲ. ನಮ್ಮ ಪರಿಚಯದ ಕನ್ನಡ ಕುಟುಂಬವೊಂದು ಅಂಥದ್ದೇ ಒಂದು ಸಿಂಥಸೈಜರನ್ನು ಅಗ್ಗಕ್ಕೆ ತಂದಿತು. ರಾಜ್ಯೋತ್ಸವಕ್ಕೆ ಮಕ್ಕಳು ಹಾಡುವ ಹಾಡಿಗೆ ಹಿನ್ನೆಲೆ ಸಂಗೀತವನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು ಅನ್ನೋದು ಆಸೆ. ಕಂಪ್ಯೂಟರಿಗೆ ಜೋಡಿಸಿದ ಮೇಲೆ ಶುರುವಾಯಿತು ನೋಡಿ: ಪ್ರತಿ ಸ್ವರ ಎರಡೆರಡು ಸಲ ಕೇಳುತ್ತೆ, ಕೀ ಒತ್ತಿದ ಮೇಲೆ ತಡವಾಗಿ ಕೇಳುತ್ತೆ, ಹಿಂದಿನಿಂದ ‘ಗುಂಯ್’ ಅನ್ನುತ್ತಲೇ ಇರುತ್ತೆ. “ದುಡ್ಡು ಹೋಯ್ತು ಬಿಡಿ, ಕಸಕ್ಕೆ ಹಾಕೋದೇ” ಅಂದರು. ಈ ಮೂರರಲ್ಲಿ ಎರಡು ವಾದ್ಯದ ದೋಷವೇ ಅಲ್ಲ. ಮೂರನೆಯದು ಕೂಡ ಬಹಳ ಸಲ ಅಲ್ಲ.

ನಾವು ಪಿಸಿಆರ್ ಮಾಡುವಾಗ ಒಂದು ಟ್ಯೂಬಿನಲ್ಲಿ ಡಿಎನ್ಎ ಬದಲು ಬರೀ ನೀರು ಹಾಕಿಡುತ್ತೇವೆ. ಅದರಲ್ಲೂ ಫಲಿತಾಂಶ ಬಂದರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ. ಇನ್ನೊಂದರಲ್ಲಿ ಖಂಡಿತ ಕೆಲಸ ಮಾಡುವ ಮಾದರಿ ಹಾಕುತ್ತೇವೆ. ಅದರಲ್ಲೂ ಏನೂ ಬರದಿದ್ದರೆ ತಪ್ಪು ಮಾದರಿಯದ್ದಲ್ಲ, ವಿಧಾನದ್ದು. ಸಿಂಥಸೈಜರಿಗೂ ಇದೇ ಮಾಡಿ. ಮೊದಲು ಕಂಪ್ಯೂಟರಿನ ಕೇಬಲುಗಳನ್ನೆಲ್ಲ ಕಿತ್ತು, ಹೆಡ್‌ಫೋನನ್ನು ನೇರವಾಗಿ ವಾದ್ಯಕ್ಕೇ ಚುಚ್ಚಿ ಕೇಳಿ. ಆಮೇಲೆ ಅದೇ ಆಡಿಯೊ ಕೇಬಲಿಗೆ ಸಿಂಥಸೈಜರ್ ಬದಲು ಫೋನ್ ಜೋಡಿಸಿ, ಗೊತ್ತಿರುವ ಹಾಡೊಂದನ್ನು ಹಾಕಿ ರೆಕಾರ್ಡ್ ಮಾಡಿ. ಈ ಎರಡು ಪರೀಕ್ಷೆಗೆ ಐದು ನಿಮಿಷ ಸಾಕು, ಅರ್ಧ ಅನುಮಾನ ಅಲ್ಲೇ ಕಳೆಯುತ್ತೆ. ಒಂದೇ ಷರತ್ತು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕೇಬಲ್ಲೂ ಸೆಟ್ಟಿಂಗೂ ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಈಗ ಮುಖ್ಯ ವಿಷಯ. ವಾದ್ಯ ಮತ್ತು ಕಂಪ್ಯೂಟರಿನ ನಡುವೆ ಎರಡು ಬೇರೆ ಬೇರೆ ಹರಿವುಗಳಿವೆ. ಒಂದು ಧ್ವನಿ, ಇನ್ನೊಂದು ಆದೇಶ. ಆದೇಶದ ಭಾಷೆಗೆ ಮಿಡಿ ಅನ್ನುತ್ತಾರೆ. ನಮ್ಮ ಉಪ್ಪಿನಕಾಯಿ ಮಿಡಿ ಅಲ್ಲ, ಆದರೆ ನಾಡಿ ಮಿಡಿಯುವುದಕ್ಕೆ ಇದು ಅಷ್ಟು ದೂರವೂ ಅಲ್ಲ. ಇದರಲ್ಲಿ ಧ್ವನಿ ಒಂದಿಷ್ಟೂ ಹರಿಯಲ್ಲ. ‘60ನೇ ಸ್ವರ ಹಿಡಿ, 90ರಷ್ಟು ಜೋರಾಗಿ’ ಅನ್ನೋ ಥರದ ಮೂರು ಬೈಟುಗಳ ಸೂಚನೆ, ಅಷ್ಟೇ. ಸ್ವರಲಿಪಿಗೂ ಹಾಡಿಗೂ ಇರುವ ವ್ಯತ್ಯಾಸ ಇದು.

ಇದರಲ್ಲಿ ಜಪಾನಿನ ಪಾಲು ದೊಡ್ಡದು. ರೋಲ್ಯಾಂಡ್ ಕಂಪನಿ ಕಟ್ಟಿದ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತು, ಯಮಾಹಾ, ಕೊರ್ಗ್, ಕವಾಯಿ ಕಂಪನಿಗಳೂ ಸೇರಿ ಒಂದು ಸಾಮಾನ್ಯ ಭಾಷೆಗೆ ಒಪ್ಪಿಕೊಂಡರು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಮೇಳದಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳ ವಾದ್ಯಗಳನ್ನು ಒಂದು ಕೇಬಲಿನಿಂದ ಜೋಡಿಸಿ ತೋರಿಸಿದರು. ಕಾವಾಸಾಕಿಯಿಂದ ನಾಂಬು ರೈಲು ಹಿಡಿದು ಯಾನೊಕುಚಿ ಸ್ಟೇಷನ್ನಿನಲ್ಲಿ ಇಳಿದರೆ ಕೊರ್ಗ್ ಕಂಪನಿಯ ಊರು. ಆ 1983ರ ಭಾಷೆ ಇವತ್ತಿನ ಲ್ಯಾಪ್‌ಟಾಪಿಗೂ ಅರ್ಥವಾಗುತ್ತೆ. ಆ ಕಾಲದ ಬೇರೆ ಎಷ್ಟು ತಂತ್ರಜ್ಞಾನಗಳಿಗೆ ಹಾಗೆ ಹೇಳಬಹುದು?

ಇನ್ನು ಜೋಡಿ ಸ್ವರದ ಕಥೆ. ನೀವು ಕೀ ಒತ್ತಿದಾಗ ಆದೇಶ ವಾದ್ಯದೊಳಗೇ ನೇರವಾಗಿ ಹೋಗಿ ಸ್ವರ ಹುಟ್ಟಿಸುತ್ತೆ. ಅದೇ ಆದೇಶ ಕೇಬಲ್ ಹಿಡಿದು ಕಂಪ್ಯೂಟರಿಗೂ ಹೋಗುತ್ತೆ. ಅಲ್ಲಿ ಸಾಫ್ಟ್‌ವೇರ್ ಅದನ್ನು ವಾಪಸು ಕಳಿಸುತ್ತೆ, ಕೆಲವೇ ಮಿಲಿಸೆಕೆಂಡ್ ಬಿಟ್ಟು ಅದೇ ಸ್ವರ ಮತ್ತೆ ಹುಟ್ಟುತ್ತೆ. ಧ್ವನಿ ದಪ್ಪವಾಗಿ, ಡಬ್ಬಿಯೊಳಗಿಂದ ಬಂದ ಹಾಗೆ ಕೇಳೋದು ಅದಕ್ಕೇ. ಒಂದೇ ಸಲಕ್ಕೆ ನಾಲ್ಕು ಸ್ವರ ನುಡಿಸಬಲ್ಲ ವಾದ್ಯ ಎರಡಕ್ಕೇ ಸುಸ್ತಾಗೋದೂ ಅದಕ್ಕೇ. ಪರಿಹಾರ: ವಾದ್ಯದ ಮೆನುವಿನಲ್ಲಿ ‘ಲೋಕಲ್ ಕಂಟ್ರೋಲ್’ ಅನ್ನುವುದನ್ನು ಆಫ್ ಮಾಡಿ. ಆಗ ಕೀಲಿಮಣೆಗೂ ಧ್ವನಿ ಹುಟ್ಟುವ ಭಾಗಕ್ಕೂ ಒಳಗಿನ ನಂಟು ಕಡಿದು, ಎಲ್ಲವೂ ಕಂಪ್ಯೂಟರ್ ಮೂಲಕವೇ ಬರುತ್ತೆ.

ಇದೇ ಸೆಟ್ಟಿಂಗಿನ ಇನ್ನೊಂದು ಮುಖ ನೋಡಿ. ಲೋಕಲ್ ಆಫ್ ಇರುವ ವಾದ್ಯಕ್ಕೆ ಕಂಪ್ಯೂಟರ್ ಜೋಡಿಸದೆ ಕೀ ಒತ್ತಿದರೆ ಏನೂ ಕೇಳಲ್ಲ. ದೀಪ ಉರಿಯುತ್ತೆ, ಪರದೆ ಬೆಳಗುತ್ತೆ, ವಾದ್ಯ ಮಾತ್ರ ಮೂಕ. ಕೆಲವು ಮಾದರಿಗಳು ಸ್ವಿಚ್ ಆರಿಸಿದರೂ ಈ ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳುತ್ತವೆ. ‘ಜಾಂಕು’ ಚೀಟಿ ಹೊತ್ತ ಮೂಕ ವಾದ್ಯ ಕಂಡರೆ ಮೊದಲು ಇದನ್ನೇ ನೋಡಿ. ಆಮೇಲೆ ಮಿಡಿ ಚಾನೆಲ್ ನೋಡಿ. ಒಟ್ಟು 16 ಚಾನೆಲುಗಳಿವೆ. ಸಾಫ್ಟ್‌ವೇರ್ ಎರಡನೇ ಚಾನೆಲಿನಲ್ಲಿ ಕೂಗುತ್ತಿದ್ದು ವಾದ್ಯ ಒಂದನೆಯದಕ್ಕೆ ಕಿವಿಗೊಟ್ಟಿದ್ದರೆ ಮೌನವೇ ಗತಿ.

ತಡವಾಗಿ ಕೇಳುವ ದೂರಿಗೆ ಲೆಕ್ಕವೇ ಉತ್ತರ. ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಬಿಂದಿಗೆ ತುಂಬಿಸಿ ತುಂಬಿಸಿ ಸಾಗಿಸುತ್ತೆ. ಆ ಬಿಂದಿಗೆಗೆ ಬಫರ್ ಅನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲುಗಳ ಲೆಕ್ಕದಲ್ಲಿ 1,024ರ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ಸೇರಿ 46. ಗಾಳಿಯಲ್ಲಿ ಧ್ವನಿ ಅಷ್ಟು ಹೊತ್ತಿನಲ್ಲಿ ಹತ್ತಿರ ಹತ್ತಿರ 16 ಮೀಟರ್ ಹೋಗುತ್ತೆ. ಮೃದಂಗದವರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿ ಕಛೇರಿ ಮಾಡಿದ ಹಾಗೆ. ಬಫರನ್ನು 256ಕ್ಕೆ ಇಳಿಸಿದರೆ ಒಂದು ಕಡೆಗೆ ಸುಮಾರು 6 ಮಿಲಿಸೆಕೆಂಡ್, ಅದು ಕೈಗೆ ಒಗ್ಗುತ್ತೆ. ಇನ್ನೂ ಇಳಿಸಿದರೆ ಕಂಪ್ಯೂಟರಿಗೆ ಉಸಿರು ಕಟ್ಟಿ ಧ್ವನಿ ‘ಚಟ್ ಚಟ್’ ಅನ್ನುತ್ತೆ. ನುಡಿಸುವಾಗ ಬಫರ್ ಚಿಕ್ಕದಿರಲಿ, ಮಿಕ್ಸ್ ಮಾಡುವಾಗ ದೊಡ್ಡದಿರಲಿ.

ನುಡಿಸುವಾಗ ಸರಿಯಿದ್ದರೂ ರೆಕಾರ್ಡ್ ಆದದ್ದು ತಾಳಕ್ಕೆ ಕೂರದಿದ್ದರೆ ಅಳತೆ ಮಾಡಬೇಕು. ಸಾಫ್ಟ್‌ವೇರಿನಲ್ಲಿ ಸರಿಯಾಗಿ ತಾಳದ ಗೆರೆಯ ಮೇಲೆ 16 ಸ್ವರ ಬರೆಯಿರಿ. ಅದನ್ನು ಸಿಂಥಸೈಜರ್ ನುಡಿಸಲಿ, ಬಂದ ಧ್ವನಿಯನ್ನು ರೆಕಾರ್ಡ್ ಮಾಡಿ, ಅಲೆಯನ್ನು ಹಿಗ್ಗಿಸಿ ನೋಡಿ. ಹದಿನಾರೂ ಒಂದೇ ಪ್ರಮಾಣದಲ್ಲಿ ತಡವಾಗಿದ್ದರೆ ಸಂತೋಷಪಡಿ: ಸಾಫ್ಟ್‌ವೇರಿನಲ್ಲಿ ಅಷ್ಟು ಸ್ಯಾಂಪಲ್ ಹಿಂದಕ್ಕೆ ಜರುಗಿಸಿದರೆ ಮುಗಿಯಿತು. ಒಂದೊಂದು ಒಂದೊಂದು ಥರ ತಡವಾಗಿದ್ದರೆ ಅದು ಬೇರೆ ಕಾಯಿಲೆ. ನಮ್ಮ ಲ್ಯಾಬಿನಲ್ಲೂ ಹಾಗೇ, ಯಾವಾಗಲೂ ಎರಡು ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ಜೊತೆ ಬಾಳಬಹುದು, ದಿನಕ್ಕೊಂದು ಹೇಳುವ ತಕ್ಕಡಿ ಜೊತೆ ಆಗಲ್ಲ. ಐದು ಪಿನ್ನಿನ ಹಳೆಯ ಮಿಡಿ ಕೇಬಲಿನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಆದೇಶ ದಾಟಲು ಸುಮಾರು ಒಂದು ಮಿಲಿಸೆಕೆಂಡ್. ಆ ಒಂದೇ ಕೇಬಲಿನಲ್ಲಿ ಆರೇಳು ವಾದ್ಯಗಳ ಆದೇಶ ತುರುಕಿದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಸಂಜೆಯಂತಾಗುತ್ತೆ.

ಇನ್ನು ಆ ‘ಗುಂಯ್’. ಕಾವಾಸಾಕಿಯ ಕರೆಂಟು 100 ವೋಲ್ಟ್, 50 ಹರ್ಟ್ಸ್. ಇದೇ ದೇಶದ ಒಸಾಕಾಗೆ ಹೋದರೆ 60 ಹರ್ಟ್ಸ್. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದು ತರಿಸಿತು, ದೇಶ ಇವತ್ತಿಗೂ ಎರಡು ಹೋಳು. ಹಾಗಾಗಿ ಕಾವಾಸಾಕಿಯ ಗುಂಯ್‌ಗುಡುವಿಕೆ ಪಾಶ್ಚಾತ್ಯ ಲೆಕ್ಕದ ಜಿ ಸ್ವರದ ಹತ್ತಿರ ಬರುತ್ತೆ, ಬೆಂಗಳೂರಿನದೂ ಅದೇ. ಒಸಾಕಾದ್ದು ಎ ಶಾರ್ಪ್ ಮತ್ತು ಬಿ ನಡುವೆ ಎಲ್ಲೋ ಅಪಶ್ರುತಿಯಲ್ಲಿ ನಿಲ್ಲುತ್ತೆ.

ಮೊದಲ ಪರೀಕ್ಷೆ ಬಹಳ ಸರಳ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ವಾದ್ಯ ನಿರಪರಾಧಿ. ಜಪಾನಿನ ಮನೆಗಳ ಪ್ಲಗ್ಗು ಹೆಚ್ಚಾಗಿ ಎರಡೇ ಪಿನ್ನು, ಅರ್ಥಿಂಗ್ ಇಲ್ಲ. ಚಾರ್ಜರಿನ ಸಣ್ಣ ಸೋರಿಕೆ ಕರೆಂಟು ಆಡಿಯೊ ಕೇಬಲಿನ ಹೊರಕವಚ ಹಿಡಿದು ಹರಿಯುತ್ತೆ. ಊರಿನಲ್ಲಿ ಮೂರು ಪಿನ್ನು ಇದ್ದರೂ, ವಾದ್ಯ ಒಂದು ಗೋಡೆಗೆ, ಕಂಪ್ಯೂಟರ್ ಇನ್ನೊಂದು ಗೋಡೆಗೆ ಚುಚ್ಚಿದರೆ ಅರ್ಥಿಂಗಿನದೇ ಒಂದು ಬಳೆ ಏರ್ಪಟ್ಟು ಅದರಲ್ಲಿ ಕರೆಂಟು ಸುತ್ತುತ್ತೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಥ್ ಪಿನ್ನನ್ನು ಮಾತ್ರ ಯಾವತ್ತೂ ಮುರಿಯಬೇಡಿ, ಅದು ನಿಮ್ಮ ಜೀವ ಕಾಯುವ ಪಿನ್ನು. ಹೊಸ ವಾದ್ಯವನ್ನು ಯುಎಸ್‌ಬಿ ಮೂಲಕ ಜೋಡಿಸಿದ್ದರೆ, ಅದನ್ನು ಬಿಟ್ಟು ಐದು ಪಿನ್ನಿನ ಮಿಡಿ ಕೇಬಲ್ ಹಾಕಿ ನೋಡಿ. ಆ ಹಳೆ ವಿನ್ಯಾಸದಲ್ಲಿ ಆದೇಶವು ಬೆಳಕಿನ ರೂಪದಲ್ಲಿ ಒಂದು ಪುಟ್ಟ ಕಂದಕ ಹಾರಿ ವಾದ್ಯದೊಳಗೆ ಹೋಗುತ್ತೆ, ಹಾಗಾಗಿ ಆ ದಾರಿಯಲ್ಲಿ ಕರೆಂಟು ಸುತ್ತುವಂತಿಲ್ಲ. ಇದು ನಮಗೆ ತುಂಬ ಇಷ್ಟವಾದ ವಿವರ.

ಎಲ್ಲ ಕಿತ್ತು ಬರೀ ಹೆಡ್‌ಫೋನಿನಲ್ಲಿ ಕೇಳಿದಾಗಲೂ ಗುಂಯ್‌ಗುಟ್ಟಿದರೆ, ಅದೂ 50ಕ್ಕಿಂತ 100 ಹರ್ಟ್ಸ್ ಜೋರಾಗಿದ್ದರೆ, ಆಗ ವಾದ್ಯದ ಪವರ್ ಸಪ್ಲೈಯ ಕೆಪಾಸಿಟರುಗಳು ಮುದಿಯಾಗಿರಬಹುದು. ಅದು ನಿಜವಾದ ರಿಪೇರಿ, ಬಲ್ಲವರ ಕೈಗೆ ಕೊಡಿ. ಇನ್ನೊಂದು ಮಾತು, ಇಲ್ಲಿಂದ ಊರಿಗೆ ವಾದ್ಯ ಒಯ್ಯುವವರಿಗೆ: ಜಪಾನಿನ ಮಾದರಿ ಬರೀ 100 ವೋಲ್ಟಿಗೆ ಇದ್ದರೆ 230ಕ್ಕೆ ನೇರ ಚುಚ್ಚಿದ ಕ್ಷಣವೇ ಸುಟ್ಟುಹೋಗುತ್ತೆ. ಹಿಂಬದಿಯ ಪಟ್ಟಿ ಓದಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ.

ದೋಷ ಕಳೆದ ಮೇಲೆ ಸ್ವಲ್ಪ ರುಚಿಯ ಮಾತು. ನಮ್ಮ ಸಂಗೀತಕ್ಕೆ ಗಮಕ ಬೇಕು, ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲಲ್ಲ. ಕೀಲಿಮಣೆಗೆ ಅದು ಬರಲ್ಲ ಅನ್ನೋರಿದ್ದಾರೆ, ಆದರೆ ಪಿಚ್ ಬೆಂಡ್ ಎಂಬ ಚಕ್ರವಿದೆ. ಸಾಮಾನ್ಯವಾಗಿ ಅದು ಮೇಲೆ ಎರಡು ಸ್ವರಸ್ಥಾನ, ಕೆಳಗೆ ಎರಡು ಸ್ವರಸ್ಥಾನ ಜಾರುತ್ತೆ. ಮಿಡಿ ಭಾಷೆಯಲ್ಲಿ ಈ ಜಾರುವಿಕೆಗೆ 16,384 ಮೆಟ್ಟಿಲುಗಳಿವೆ. ಒಂದು ಸ್ಥಾಯಿಯಷ್ಟು ಹಿಗ್ಗಿಸಿದರೂ ಕಿವಿಗೆ ಮೆಟ್ಟಿಲು ಗೊತ್ತಾಗಲ್ಲ. ಆದರೆ ಕೆಲವು ಚಕ್ರಗಳು 128 ಮೆಟ್ಟಿಲಷ್ಟೇ ಕಳಿಸುತ್ತವೆ, ಆಗ ಜಾರು ಹೋಗಿ ಏಣಿಯಾಗುತ್ತೆ. ಅಂಥಲ್ಲಿ ಚಕ್ರ ಬಿಟ್ಟು ಸಾಫ್ಟ್‌ವೇರಿನಲ್ಲೇ ಗಮಕದ ಗೆರೆಯನ್ನು ಬರೆದು ವಾದ್ಯಕ್ಕೆ ಕಳಿಸಿ. ಎರಡೂ ಕಡೆ ಬೆಂಡಿನ ವ್ಯಾಪ್ತಿ ಒಂದೇ ಇರಲಿ, ಇಲ್ಲದಿದ್ದರೆ ಸಾಫ್ಟ್‌ವೇರಿನಲ್ಲಿ ಶ್ರುತಿಯಾಗಿ ಬರೆದದ್ದು ವಾದ್ಯದಲ್ಲಿ ಅಪಶ್ರುತಿಯಾಗುತ್ತೆ. ನುಡಿಸಿದ ಆದೇಶವನ್ನು ಉಳಿಸಿಕೊಂಡಿದ್ದರೆ, ಅದನ್ನೇ ಬೇರೆ ಬೇರೆ ಧ್ವನಿಯಲ್ಲಿ ಮೂರು ಸಲ ನುಡಿಸಿ ರೆಕಾರ್ಡ್ ಮಾಡಿ ಪದರ ಹಾಕಬಹುದು. ನಾಲ್ಕು ಸ್ವರದ ವಾದ್ಯ ಹನ್ನೆರಡರದ್ದಾಯಿತು. ಅನಲಾಗ್ ವಾದ್ಯವಾದರೆ ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ, ಇಲ್ಲಿಯ ಜನವರಿ ಚಳಿಯಲ್ಲಿ ಬಿಸಿಯಾಗುವವರೆಗೂ ಶ್ರುತಿ ಅಲೆದಾಡುತ್ತೆ.

ಹಳೆಯ ವಾದ್ಯಗಳಲ್ಲಿ ಧ್ವನಿಗಳ ನೆನಪನ್ನು ಕಾಯುವುದು ಒಳಗಿರುವ ನಾಣ್ಯದಂಥ ಒಂದು ಬ್ಯಾಟರಿ. ಅದು ಸತ್ತರೆ, ಅಥವಾ ಬದಲಾಯಿಸಲು ತೆಗೆದರೆ, ಹಿಂದಿನ ಮಾಲೀಕರು ವರ್ಷಗಟ್ಟಲೆ ಕೂತು ಮಾಡಿದ ಧ್ವನಿಗಳೆಲ್ಲ ಹೋಗುತ್ತವೆ, ಮತ್ತೆಲ್ಲೂ ಸಿಗಲ್ಲ. ಫ್ಯಾಕ್ಟರಿ ರೀಸೆಟ್ ಒತ್ತಿದರೂ ಅದೇ ಗತಿಯಾಗಬಹುದು. ಆದ್ದರಿಂದ ಇದಕ್ಕೆಲ್ಲ ಮೊದಲು ಮೆನುವಿನಲ್ಲಿ ‘ಸಿಸ್‌ಎಕ್ಸ್ ಡಂಪ್’ ಹುಡುಕಿ. ವಾದ್ಯ ತನ್ನ ನೆನಪನ್ನೆಲ್ಲ ಮಿಡಿ ಕೇಬಲಿನಲ್ಲಿ ಸುರಿಯುತ್ತೆ, ಸಾಫ್ಟ್‌ವೇರ್ ಅದನ್ನು ಫೈಲಾಗಿ ಹಿಡಿದಿಡುತ್ತೆ. ಎರಡು ಸಲ ಹಿಡಿದು ಎರಡೂ ಫೈಲುಗಳ ಗಾತ್ರ ಒಂದೇ ಇದೆಯಾ ನೋಡಿ. ಆಮೇಲೆ ಬೇಡದ ಒಂದು ಧ್ವನಿಯನ್ನು ಬೇಕೆಂದೇ ಬದಲಾಯಿಸಿ, ಫೈಲನ್ನು ವಾದ್ಯಕ್ಕೆ ವಾಪಸು ಕಳಿಸಿ, ಹಳೆಯದು ಮರಳಿತಾ ಅಂತ ಕೇಳಿ. ಮರಳಿದರೆ ಬ್ಯಾಟರಿ ಬಿಚ್ಚಬಹುದು.