ಏಳೆಂಟ್ಲ ಎಷ್ಟು?

ಮೂರನೇ ತರಗತಿಯ ಮಗುವಿಗೆ "ಏಳೆಂಟ್ಲ ಎಷ್ಟು?" ಅಂತ ಥಟ್ಟನೆ ಕೇಳಿ, ಆಮೇಲೆ ಅದರ ತುಟಿ ನೋಡಿ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು... ಸದ್ದಿಲ್ಲದೆ ಕೆಳಗಿನ ಮೆಟ್ಟಿಲಿನಿಂದ ಹತ್ತಿಕೊಂಡು ಬಂದು ಎಂಟನೆಯದರಲ್ಲಿ ನಿಂತು "ಐವತ್ತಾರು" ಅನ್ನುತ್ತದೆ. ನಡುವೆ ಯಾರಾದರೂ ಬಾಗಿಲು ಬಡಿದರೆ ಮತ್ತೆ ಏಳೊಂದ್ಲದಿಂದ ಶುರು. ಉತ್ತರವೇನೋ ಸರಿ. ಆದರೆ ಅದೇ ಮಗುವಿಗೆ "ಒಂದು ಬೆಂಚಿನಲ್ಲಿ ಏಳು ಜನ, ಎಂಟು ಬೆಂಚು ತುಂಬಿವೆ, ಒಟ್ಟು ಎಷ್ಟು ಜನ?" ಅಂತ ಕೇಳಿದರೆ, "ಮಿಸ್, ಕೂಡೋದಾ, ಗುಣಿಸೋದಾ?" ಅಂತ ನಮ್ಮನ್ನೇ ಕೇಳುತ್ತದೆ.

ಹಾಗಂತ ಮಗ್ಗಿ ಬಾಯಿಪಾಠವೇ ಬೇಡ ಅನ್ನುವವರ ಪೈಕಿ ನಾನಲ್ಲ. ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾ ನನಗೆ ಮನವರಿಕೆಯಾದದ್ದು ಇಷ್ಟು: ಮಗ್ಗಿಯಲ್ಲಿ ದೋಷವಿಲ್ಲ, ನಾವು ಅದನ್ನು ತುಂಬಾ ಬೇಗ ತರುತ್ತೇವೆ. ಗುಣಾಕಾರ ಮೊದಲು ಕಣ್ಣಿಗೆ ಕಾಣಬೇಕು, ಆಮೇಲೆ ಕೈಯಲ್ಲಿ ಒಡೆದು ಜೋಡಿಸಲು ಬರಬೇಕು. ಬಾಯಿಗೆ ಬರುವುದು ಕೊನೆಗೆ.

ಮಗ್ಗಿಯ ಸಾಲಿನಲ್ಲೇ ಅರ್ಥ ಅಡಗಿದೆ, ನಾವು ಬಿಡಿಸಿ ಹೇಳುವುದಿಲ್ಲ ಅಷ್ಟೆ. "ಏಳೆಂಟ್ಲ" ಅನ್ನುವಾಗ ಬಾಲದಲ್ಲಿರುವ ಆ "ಲ" (ಕೆಲವು ಕಡೆ "ಲೆ") ಏನು ಅಂತ ಒಮ್ಮೆ ಕೇಳಿದೆ. "ಅದು ರಾಗಕ್ಕೆ ಮಿಸ್" ಅಂದಳು ಒಬ್ಬಳು. ಅದನ್ನು "ಸಲ" ಅಂತ ಓದಿಕೊಂಡರೆ ಸಾಕು, ಏಳನ್ನು ಎಂಟು ಸಲ ಇಟ್ಟರೆ ಐವತ್ತಾರು ಅಂತ ಸಾಲು ತಾನೇ ಬಾಯಿಬಿಡುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಪಾಡು ಇನ್ನೂ ತಮಾಷೆ. "ಟೂ ವನ್ಸ್ ಆರ್ ಟೂ" ಅನ್ನುವುದು ನಾಲಿಗೆಯಲ್ಲಿ ಸವೆದು "ಟೂ ವನ್ ಜಾ ಟೂ" ಆಗಿದೆ. ಆ "ಜಾ" ಯಾವ ಸೀಮೆಯ ಪದ ಅಂತ ಯಾರೂ ಕೇಳುವುದಿಲ್ಲ. ಕನ್ನಡದ ಎಣಿಕೆಯಲ್ಲಿ ಇನ್ನೊಂದು ಅನುಕೂಲವಿದೆ: ಐವತ್ತಾರು ಅಂದಾಗಲೇ ಐವತ್ತೂ ಆರೂ ಬೇರೆಬೇರೆ ಕೇಳಿಸುತ್ತವೆ. ಮುಂದೆ ಸಂಖ್ಯೆ ಒಡೆಯುವಾಗ ಇದು ಕೈಹಿಡಿಯುತ್ತದೆ.

ಶುರು ಮಾಡಲು ಬಟ್ಟಲು, ಹುಣಸೆ ಬೀಜ ಇದ್ದರೆ ಸಾಕು. ನಾಲ್ಕು ಬಟ್ಟಲು, ಪ್ರತಿಯೊಂದರಲ್ಲೂ ಮೂರು ಬೀಜ. ಕೂಡುತ್ತಾ ಹೋಗು, ಮೂರು, ಆರು, ಒಂಬತ್ತು, ಹನ್ನೆರಡು. ಎಲ್ಲ ಬಟ್ಟಲಲ್ಲೂ ಸಮ ಇದ್ದರೆ ಮಾತ್ರ ಗುಣಾಕಾರ, ಒಂದರಲ್ಲಿ ಹೆಚ್ಚುಕಮ್ಮಿಯಾದರೆ ಬರೀ ಕೂಡುವ ಲೆಕ್ಕ. "ಕೂಡೋದಾ, ಗುಣಿಸೋದಾ" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಸೊನ್ನೆಯನ್ನೂ ಇಲ್ಲೇ ಮುಗಿಸಿಬಿಡಿ. ಮೂರು ಇಂಟು ಸೊನ್ನೆ ಮೂರು ಅಂತ ಬರೆಯುವ ಮಗುವಿನ ಮುಂದೆ ಮೂರು ಖಾಲಿ ಬಟ್ಟಲು ಇಟ್ಟರೆ ವಾದ ಅಲ್ಲಿಗೆ ನಿಲ್ಲುತ್ತದೆ.

ಆದರೆ ಬಟ್ಟಲಿಗಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಚುಕ್ಕಿ ರಂಗೋಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಚುಕ್ಕಿ, ಮೂರು ಸಾಲು ಇಡಿಸಿ. ಚುಕ್ಕಿಗಳು ಒಂದರ ಕೆಳಗೊಂದು ನೇರ ಬರಬೇಕು. ಎರಡು ಚುಕ್ಕಿಯ ಸಂದಿಯಲ್ಲಿ ಒಂದಿಟ್ಟು ಕಡಿಮೆಯಾಗುತ್ತಾ ಹೋಗುವ ರಂಗೋಲಿ ಇಲ್ಲಿಗಾಗದು, ಅದರ ಸಾಲುಗಳು ಸಮ ಇರುವುದಿಲ್ಲ. ಈಗ ಮಗುವನ್ನು ಪಕ್ಕಕ್ಕೆ ಬಂದು ನಿಂತು ನೋಡಲು ಹೇಳಿ. ಅಲ್ಲಿಂದ ಕಾಣುವುದು ಮೂರು ಚುಕ್ಕಿಯ ಐದು ಸಾಲು. ಯಾರೂ ಒಂದು ಚುಕ್ಕಿ ಅಳಿಸಿಲ್ಲ, ಸೇರಿಸಿಲ್ಲ. ಐದು ಮೂರ್ಲ, ಮೂರೈದ್ಲ ಎರಡೂ ಹದಿನೈದೇ ಏಕೆ ಅಂತ ಇನ್ನು ಬಾಯಲ್ಲಿ ವಿವರಿಸಬೇಕಿಲ್ಲ. ಒಮ್ಮೆ ಇದು ಕಣ್ಣಿಗೆ ಬಿತ್ತೋ, ಮಕ್ಕಳು ಎಲ್ಲೆಂದರಲ್ಲಿ ಸಾಲು ಹುಡುಕುತ್ತಾರೆ. ಮಾತ್ರೆಯ ಶೀಟು, ಕಿಟಕಿಯ ಸರಳು, ಅಂಗಡಿಯ ಮೊಟ್ಟೆ ಟ್ರೇ. ಟ್ರೇಯಲ್ಲಿ ಆರರ ಐದು ಸಾಲು, ಮೂವತ್ತು.

ಈಗ ಮಗ್ಗಿಯ ಭಾರ ತೂಗಿ ನೋಡೋಣ. ಒಂದರಿಂದ ಹತ್ತರವರೆಗೆ ಹತ್ತು ಮಗ್ಗಿ, ಒಟ್ಟು 100 ಸಾಲು. ಮಗ್ಗಿ ಪುಸ್ತಕ ಕೈಗೆ ಕೊಟ್ಟರೆ ಮಗುವಿಗೆ ಕಾಣುವುದು ಆ ನೂರೇ. ಪಕ್ಕಕ್ಕೆ ನಿಂತು ನೋಡುವುದು ಗೊತ್ತಿದ್ದರೆ ಅದು 55ಕ್ಕೆ ಇಳಿಯುತ್ತದೆ, ಯಾಕೆಂದರೆ ಮೂರೇಳ್ಲ ಬಂದರೆ ಏಳು ಮೂರ್ಲವೂ ಬಂದಂತೆ. ಒಂದರ ಮಗ್ಗಿ, ಹತ್ತರ ಮಗ್ಗಿ ಕಲಿಯುವಂಥದ್ದೇ ಅಲ್ಲ, ತೆಗೆದರೆ 36. ಎರಡರದ್ದು ಜೋಡಿ ಎಣಿಕೆ, ಐದರದ್ದು ಗಡಿಯಾರದ ಮುಳ್ಳು, ಉಳಿದದ್ದು 21. ಒಂಬತ್ತನ್ನು ಹತ್ತಕ್ಕೆ ಒಂದು ಕಮ್ಮಿ ಅಂತ ನೋಡಿದರೆ ಒಂಬತ್ತೇಳ್ಲ ಅಂದರೆ ಎಪ್ಪತ್ತರಲ್ಲಿ ಏಳು ಕಳೆ, ಅರವತ್ತಮೂರು. ಈಗ 15. ಮೂರರದ್ದು ಎರಡರದ್ದಕ್ಕೆ ಇನ್ನೊಂದು ಸಲ ಸೇರಿಸಿದ್ದು, ನಾಲ್ಕರದ್ದು ಎರಡರದ್ದರ ದುಪ್ಪಟ್ಟು. ಅವೂ ಹೋದರೆ ಕೈಯಲ್ಲಿ ಉಳಿಯುವುದು ಬರೀ ಆರು: ಆರಾರ್ಲ 36, ಆರೇಳ್ಲ 42, ಆರೆಂಟ್ಲ 48, ಏಳೇಳ್ಲ 49, ಏಳೆಂಟ್ಲ 56, ಎಂಟೆಂಟ್ಲ 64.

ಈ ಆರನ್ನು ಬೇಕಾದರೆ ಉರು ಹೊಡೆಸಿ, ನನ್ನ ತಕರಾರಿಲ್ಲ. ವಾರಕ್ಕೊಂದರಂತೆ ಕಲಿತರೂ ಒಂದೂವರೆ ತಿಂಗಳಲ್ಲಿ ಮುಗಿಯುವ ಕೆಲಸ. ಅಲ್ಲಿಯವರೆಗೆ ಊರುಗೋಲಾಗಿ ಬೆರಳಿದೆ. ಏಳೆಂಟ್ಲ ಬೇಕೇ? ಐದರ ಮೇಲೆ ಎಷ್ಟಿದೆಯೋ ಅಷ್ಟು ಬೆರಳು ಎತ್ತು: ಏಳಕ್ಕೆ ಎಡಗೈಯಲ್ಲಿ ಎರಡು, ಎಂಟಕ್ಕೆ ಬಲಗೈಯಲ್ಲಿ ಮೂರು. ಎತ್ತಿದ ಬೆರಳು ಒಟ್ಟು ಐದು, ಒಂದೊಂದಕ್ಕೆ ಹತ್ತು, ಐವತ್ತು. ಮಡಚಿದ್ದು ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು, ಗುಣಿಸಿದರೆ ಆರು. ಐವತ್ತಾರು. ಆರರಿಂದ ಹತ್ತರವರೆಗಿನ ಯಾವ ಜೋಡಿಗೂ ಇದು ನಡೆಯುತ್ತದೆ. ಮಕ್ಕಳಿಗೆ ಇದು ಜಾದು. ಆದರೆ ಜಾದುವಿನಿಂದ ಅರ್ಥ ಬರುವುದಿಲ್ಲವಾದ್ದರಿಂದ ನಾನು ಅದನ್ನು ಮೊದಲಿಗೆ ತೋರಿಸುವುದಿಲ್ಲ.

ಏಳೆಂಟ್ಲದ ಅರ್ಥ ತೋರಿಸಲು ಅಟ್ಟದ ಮೇಲಿಂದ ಚೆನ್ನೆಮಣೆ ಇಳಿಸಿದ್ದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಕಾಳು ತುಂಬಿ ಆಟ ಶುರು. ಹದಿನಾಲ್ಕು ಗುಳಿಗೆ ನಾಲ್ಕು ಅಂತ ಎಣಿಸಿದರೂ ಸರಿ, ಎದುರುಬದುರಿನ ಗುಳಿಗಳನ್ನು ಜೋಡಿಯಾಗಿ ನೋಡಿದರೆ ಎಂಟು ಕಾಳಿನ ಏಳು ಜೋಡಿ. ಒಂದು ಸಾಲಿನಲ್ಲಿ 28, ಎರಡರಲ್ಲಿ 56. ಮೂರು ದಾರಿ, ಒಂದೇ ಊರು. ಮಣೆಯನ್ನು ಒಡೆದು ಲೆಕ್ಕ ಮಾಡಬಹುದು ಅನ್ನುವುದೇ ಇಲ್ಲಿನ ಪಾಠ.

ಒಡೆಯುವ ಈ ಬುದ್ಧಿ ಹೊಸದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕವಿದೆ. ಅದನ್ನು ಒಂದೇ ದಾರಿಯಲ್ಲಿ ಮಾಡಿ ಬಿಡುವುದಿಲ್ಲ. 12ನ್ನು 8 ಮತ್ತು 4 ಎಂದು ಒಡೆದರೆ 1080, 540. 10 ಮತ್ತು 2 ಎಂದು ಒಡೆದರೆ 1350, 270. ಮೂರರಿಂದ ಗುಣಿಸಿ 405, ಅದನ್ನು ನಾಲ್ಕರಿಂದ ಗುಣಿಸಿದರೂ ಆದೀತು. ಎಲ್ಲಾದರೂ 1620. ನಮ್ಮ ತರಗತಿಗಳಲ್ಲಿ "ನಾನು ಹೇಳಿದ ಹಾಗೇ ಮಾಡು" ಅನ್ನುವವರು ಇದನ್ನೊಮ್ಮೆ ನೋಡಬೇಕು.

ಎರಡಂಕಿಯ ಲೆಕ್ಕಕ್ಕೆ ಬಂದಾಗ ಒಡೆಯಲು ಬಾರದ ಮಗು ಎಡವುವುದು ಖಂಡಿತ. 23 ಇಂಟು 14 ಕೊಟ್ಟಿದ್ದೆ. ಹುಡುಗ ಚಕಚಕ ಬರೆದ. ನಾಲ್ಕು ಮೂರ್ಲ ಹನ್ನೆರಡು, ಎರಡು ಬರೆದು ದಶಕ ಒಂದು. ನಾಲ್ಕೆರಡ್ಲ ಎಂಟು, ಒಂದು ಸೇರಿ ಒಂಬತ್ತು. 92. ಅದರ ಕೆಳಗೆ 23. ಕೂಡಿ 115. ಬೈಯುವ ಬದಲು "23ನ್ನು ಹತ್ತು ಸಲ ಇಟ್ಟರೆ ಎಷ್ಟಪ್ಪಾ?" ಅಂದೆ. "ಇನ್ನೂರ ಮೂವತ್ತು." "ಹದಿನಾಲ್ಕು ಸಲ ಇಟ್ಟರೆ ಅದಕ್ಕಿಂತ ಕಮ್ಮಿ ಆಗುತ್ತಾ?" ಪೆನ್ಸಿಲ್ ಬಾಯಿಗೆ ಹೋಯಿತು.

"ಒಂದು ಮನೆ ಬಿಟ್ಟು ಬರೆ" ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದರು, ಅವನು ಮರೆತಿದ್ದ. ಯಾಕೆ ಬಿಡಬೇಕು ಅಂತ ಗೊತ್ತಿಲ್ಲದ ಮನೆಯನ್ನು ಯಾರಾದರೂ ಮರೆಯುತ್ತಾರೆ. ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆಸಿ ನಾಲ್ಕು ಕೋಣೆ ಮಾಡಿಸಿದೆ. ಮೇಲೆ 20, 3. ಪಕ್ಕದಲ್ಲಿ 10, 4. ಕೋಣೆಗಳಲ್ಲಿ 200, 30, 80, 12. ಒಟ್ಟು 322. ಇದು ರಂಗೋಲಿಯೇ, ಚುಕ್ಕಿ ಮಾತ್ರ ಇಟ್ಟಿಲ್ಲ. ಮೇಲಿನೆರಡು ಕೋಣೆ ಸೇರಿದರೆ 230, ಕೆಳಗಿನೆರಡು 92. ಅವನ ಹಳೇ ಲೆಕ್ಕದ ಎರಡು ಸಾಲುಗಳು ಅವೇ. 23ರ ಬೆನ್ನಿಗೆ ಸೊನ್ನೆ ಒಂದು ಬೇಕಿತ್ತು, ಯಾಕೆಂದರೆ ಅಲ್ಲಿದ್ದ ಒಂದು ಒಂದಲ್ಲ, ಹತ್ತು. ಕೆಲವು ದಿನ ಚೌಕದಲ್ಲೇ ಮಾಡಲಿ. ಆಮೇಲೆ ಉದ್ದಕ್ಕೆ ಬರೆಯುವ ಪದ್ಧತಿಗೆ ತಾವೇ ಬರುತ್ತಾರೆ, ಅದರಲ್ಲಿ ಬರೆಯುವುದು ಕಮ್ಮಿ ಅನ್ನುವ ಸೋಮಾರಿತನಕ್ಕಾದರೂ.

ಅಭ್ಯಾಸ ದಿನಕ್ಕೆ ಐದು ನಿಮಿಷ ಸಾಕು, ಆದರೆ ಸಾಲಾಗಿ ಕೇಳಬೇಡಿ, ಕಲಸಿ ಕೇಳಿ. ಗಡಿಯಾರ ಹಿಡಿದು ಯಾರು ಮೊದಲು ಅನ್ನುವ ಪಂದ್ಯ ನನಗೆ ಹಿಡಿಸದು. ಗೆಲ್ಲುವವರು ದಿನಾ ಅವರೇ, ಉಳಿದವರು ಲೆಕ್ಕ ಅಂದರೆ ಹೊಟ್ಟೆನೋವು ತಂದುಕೊಳ್ಳುತ್ತಾರೆ. "ಏಳೆಂಟ್ಲ ಗೊತ್ತಿಲ್ಲ, ಏಳೇಳ್ಲ ನಲವತ್ತೊಂಬತ್ತು, ಇನ್ನೊಂದು ಏಳು" ಅಂತ ನಿಧಾನವಾಗಿ ಬಂದ ಉತ್ತರಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಪ್ರಶ್ನೆ ತಿರುಗಿಸಿಯೂ ಕೇಳಬೇಕು: ಇಪ್ಪತ್ನಾಲ್ಕು ಯಾವ್ಯಾವ ಮಗ್ಗಿಯಲ್ಲಿ ಬರುತ್ತದೆ? ಭಾಗಾಕಾರ ಹೀಗೇ ಹೇಳದೆ ಕೇಳದೆ ಒಳಗೆ ಬಂದು ಕೂರುತ್ತದೆ.

ಚೆನ್ನೆಮಣೆ ಆಡಿದ ಸಂಜೆ ಮೂರು ಕಾಳು ಬೀರುವಿನ ಅಡಿಗೆ ಉರುಳಿ ಹೋದವು, ಉಳಿದದ್ದು 53. 115 ಬರೆದಿದ್ದ ಆ ಹುಡುಗ ಅವನ್ನೇ ನೆಲದ ಮೇಲೆ ಸಾಲು ಜೋಡಿಸಲು ಕೂತ. ಏಳರ ಸಾಲು ಮಾಡಿದ, ನಾಲ್ಕು ಮಿಕ್ಕವು. ಎಂಟರದು ಮಾಡಿದ, ಐದು ಮಿಕ್ಕವು. ಆರರಲ್ಲೂ ಐದು. "ಮಿಸ್, ಇದು ಯಾವ ಮಗ್ಗೀಲೂ ಕೂರಲ್ವಲ್ಲ!" ಅಂದ. ಮೊದಲೇ ಹೇಳಿಬಿಡಲು ಮನಸ್ಸಾಗಲಿಲ್ಲ. ಅವನು ಒಂಬತ್ತರ ಸಾಲು ಶುರು ಮಾಡಿದ್ದ.